ಬಾವಿಗಿಳಿದ ಉಷ್ಣಮಾಪಕ

ಬಾವಿಯಲ್ಲಿ ನೀರೆಷ್ಟಿದೆ ಎಂದು ವಿಚಾರಿಸುವುದು ನಮ್ಮ ಕರಾವಳಿಯಲ್ಲಿ ಕುಶಲೋಪರಿಯ ಭಾಗವೇ ಆಗಿಹೋಗಿದೆ. ಏಪ್ರಿಲ್ ಬಂತೆಂದರೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ನೆಂಟರಿಷ್ಟರ ಫೋನಿನಲ್ಲಿ ಮೊದಲು ಬರುವ ಮಾತು ಅದೇ. ನೀರು ಕೆಂಪಾಗಿದೆಯೇ, ಸಪ್ಪೆಯೇ, ಉಪ್ಪು ತಿರುಗಿದೆಯೇ ಎಂದೂ ಕೇಳುತ್ತೇವೆ. ಅದರ ಉಷ್ಣತೆ ಎಷ್ಟು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಬಾವಿನೀರಿನ ಉಷ್ಣತೆಯಲ್ಲಾಗುವ ಅರ್ಧ ಡಿಗ್ರಿಯ ಏರಿಳಿತವನ್ನು ವರ್ಷವಿಡೀ ಬರೆದಿಟ್ಟರೆ ಆ ನೀರು ಎಲ್ಲಿಂದ ಬಂತು, ಎಷ್ಟು ಬೇಗ ಬಂತು, ಯಾವ ದಾರಿ ಹಿಡಿದು ಬಂತು ಎಂಬುದನ್ನು ಬಹುಮಟ್ಟಿಗೆ ಹೇಳಬಹುದು. ಕುಂದಾಪುರ, ಬೈಂದೂರು, ಬ್ರಹ್ಮಾವರದಂಥ ನೆಲದಲ್ಲಿ ಇದನ್ನು ತಿಳಿಯಲು ಇಷ್ಟು ಸುಲಭದ, ಇಷ್ಟು ಅಗ್ಗದ ಇನ್ನೊಂದು ಉಪಾಯ ನನಗೆ ಕಾಣುವುದಿಲ್ಲ.

ಮಾಗಿಯ ಬೆಳಗಿನ ಜಾವ ಸೇದಿದ ನೀರು ಕೈಗೆ ಬೆಚ್ಚಗೆ ಹತ್ತುತ್ತದೆ, ಬೇಸಗೆಯ ಮಧ್ಯಾಹ್ನ ಅದೇ ಬಾವಿಯ ನೀರು ತಣ್ಣಗಿರುತ್ತದೆ. ನಿಜಕ್ಕೂ ಬದಲಾದದ್ದು ಗಾಳಿ, ನೀರಲ್ಲ. ನೆಲದೊಳಗೆ ಸ್ವಲ್ಪ ಆಳಕ್ಕೆ ಹೋದರೆ ಋತುಗಳ ಹಂಗಿಲ್ಲ ಎಂಬುದನ್ನು ಮೊದಲು ಪಟ್ಟಾಗಿ ಅಳೆದು ತೋರಿಸಿದ್ದು ಪ್ಯಾರಿಸ್ ವೀಕ್ಷಣಾಲಯದ 28 ಮೀಟರ್ ಆಳದ ನೆಲಮಾಳಿಗೆಯಲ್ಲಿ. ಲವಾಸಿಯೆ ಸಿದ್ಧಪಡಿಸಿದ ಸೂಕ್ಷ್ಮ ಉಷ್ಣಮಾಪಕವೊಂದನ್ನು 1783ರಲ್ಲಿ ಅಲ್ಲಿಟ್ಟರು. ಮೇಲೆ ಹಿಮ ಬಿದ್ದರೂ ಬಿಸಿಲು ಕಾದರೂ ಕೆಳಗಿನ ಪಾದರಸ ಹನ್ನೊಂದು ಹನ್ನೆರಡು ಡಿಗ್ರಿಯ ನಡುವೆ ನಿಂತಲ್ಲೇ ನಿಂತಿತ್ತು. ಶಾಖ ಘನವಸ್ತುವಿನೊಳಗೆ ಹೇಗೆ ಹರಿಯುತ್ತದೆ ಎಂಬುದಕ್ಕೆ ಫೂರಿಯೇ 1822ರಲ್ಲಿ ಪ್ರಕಟಿಸಿದ ಗಣಿತ ಇದರ ಕಾರಣವನ್ನು ಬಿಡಿಸಿಟ್ಟಿತು. ನೆಲದ ಮೇಲ್ಮೈಯ ಬಿಸಿ ಮತ್ತು ತಂಪು ಅಲೆಯಾಗಿ ಕೆಳಗಿಳಿಯುತ್ತವೆ, ಇಳಿದಂತೆಲ್ಲ ಸೊರಗುತ್ತವೆ. ಸಾಧಾರಣ ಒದ್ದೆ ಮಣ್ಣಿನಲ್ಲಿ ಹಗಲು ರಾತ್ರಿಯ ಅಲೆ ಅರ್ಧ ಮೀಟರಿನೊಳಗೇ ಅಳಿಸಿಹೋಗುತ್ತದೆ. ವರ್ಷದ ಅಲೆ ನಿಧಾನದ್ದಾದ್ದರಿಂದ ಹತ್ತು ಮೀಟರಿನ ಆಸುಪಾಸಿನವರೆಗೆ ತಲುಪುತ್ತದೆ. ಸುಮಾರು ಎರಡೂವರೆ ಮೀಟರಿಗೊಮ್ಮೆ ಅದರ ಎತ್ತರ ಮೂರರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ, ಮೀಟರಿಗೆ ಮೂರು ವಾರದಂತೆ ತಡವೂ ಆಗುತ್ತದೆ. ಮೇ ತಿಂಗಳ ಸೆಖೆ ಮೂರು ಮೀಟರ್ ಕೆಳಗಿನ ಮಣ್ಣಿಗೆ ಗೊತ್ತಾಗುವುದು ಜುಲೈಯ ಸುರಿಮಳೆಯ ಹೊತ್ತಿಗೆ.

ಈ ಲೆಕ್ಕವನ್ನು ಯುರೋಪಿನ ಪುಸ್ತಕಗಳಿಂದ ಎತ್ತಿ ಹಾಗೆಯೇ ನಮ್ಮ ಊರಿಗೆ ತಂದರೆ ಮುಖ್ಯವಾದದ್ದೊಂದು ಕೈತಪ್ಪುತ್ತದೆ. ಅಲ್ಲಿ ಚಳಿಗಾಲಕ್ಕೂ ಬೇಸಗೆಗೂ ಇಪ್ಪತ್ತು ಡಿಗ್ರಿಯ ಅಂತರ. ನಮ್ಮಲ್ಲಿ ಏಪ್ರಿಲ್ ಮೇ ತಿಂಗಳ ಸರಾಸರಿ ಉಷ್ಣತೆ 29ರ ಸುಮಾರಿಗಿದ್ದರೆ, ಮಳೆ ಹಿಡಿದ ಜುಲೈ ಆಗಸ್ಟಿನಲ್ಲಿ 25–26. ವರ್ಷದ ಒಟ್ಟು ಏರಿಳಿತ ನಾಲ್ಕು ಡಿಗ್ರಿ, ಅಂದರೆ ಸರಾಸರಿಯಿಂದ ಮೇಲಕ್ಕೆ ಎರಡು, ಕೆಳಕ್ಕೆ ಎರಡು. ಈ ಪುಟ್ಟ ಅಲೆ ಮಣ್ಣಿನ ಮೂಲಕ ಐದು ಮೀಟರ್ ಇಳಿಯುವಷ್ಟರಲ್ಲಿ 0.3 ಡಿಗ್ರಿಯಷ್ಟಾಗಿ ಉಳಿಯುತ್ತದೆ. ಹೀಗಾಗಿ ನಮ್ಮ ಕರಾವಳಿಯ ಬಾವಿಯ ತಳದಲ್ಲಿ ಉಷ್ಣತೆ ಇದಕ್ಕಿಂತ ಹೆಚ್ಚು ಅಲ್ಲಾಡಿದರೆ ಅದು ಋತುವಿನ ಕೆಲಸವಲ್ಲ. ಶಾಖ ಮಣ್ಣಿನಲ್ಲಿ ಹರಿದು ಬಂದದ್ದಲ್ಲ, ನೀರೇ ಹೊತ್ತು ತಂದದ್ದು. ಹವಾಮಾನ ಸುಮ್ಮನಿರುವುದರಿಂದಲೇ ಇಲ್ಲಿ ನೀರಿನ ಚಲನೆ ಎದ್ದು ಕಾಣುತ್ತದೆ. ಸೈಬೀರಿಯದ ಗಾಳಿ ಬೀಸುವ ಊರಿನ ಸಂಶೋಧಕರು ಗಣಿತ ಮಾಡಿ ಬೇರ್ಪಡಿಸಬೇಕಾದದ್ದನ್ನು ನಮಗೆ ಅರಬ್ಬಿ ಸಮುದ್ರ ಬೇರ್ಪಡಿಸಿಯೇ ಕೊಟ್ಟಿದೆ.

ಹೊತ್ತು ತರುವ ನೀರಿಗೇನೂ ಕೊರತೆಯಿಲ್ಲ. ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಹನಿಗಳು ಬೀಳುವಾಗ ಆರಿ ತಣ್ಣಗಾಗುವುದರಿಂದ ಮುಂಗಾರಿನ ಮಳೆನೀರು 24–25 ಡಿಗ್ರಿಯ ಸುಮಾರಿನಲ್ಲಿ ನೆಲ ಮುಟ್ಟುತ್ತದೆ. ಕೆಳಗೆ ಕಾದಿರುವ ಅಂತರ್ಜಲ ವರ್ಷದ ಸರಾಸರಿಯ ಹತ್ತಿರ, ಎಂದರೆ 27–28 ಡಿಗ್ರಿ. ಈ ಎರಡು ಮೂರು ಡಿಗ್ರಿಯ ವ್ಯತ್ಯಾಸವೇ ನಮ್ಮ ಬಂಡವಾಳ.

ಕುಂದಾಪುರ, ಬೈಂದೂರು, ಬ್ರಹ್ಮಾವರ, ಈ ಮೂರು ತಾಲೂಕುಗಳ ನೆಲ ಒಂದೇ ಬಗೆಯದ್ದಲ್ಲ. ಮರವಂತೆ, ಗಂಗೊಳ್ಳಿ, ಕೋಡಿ, ಕೋಟದ ಪಡುಭಾಗದಲ್ಲಿ ಹೊಯ್ಗೆ. ಅಲ್ಲಿ ಸಿಮೆಂಟ್ ರಿಂಗ್ ಇಳಿಸಿದ ಬಾವಿಗಳು, ನಾಲ್ಕೈದು ಮೀಟರಿಗೇ ನೀರು. ಹೊಳೆಗಳ ಬಯಲಿನಲ್ಲಿ ಮೆಕ್ಕಲು. ಮೂಡಕ್ಕೆ ಬಂದರೆ ಬೈಂದೂರಿನ ಒತ್ತಿನೆಣೆಯಂಥ ದಿಬ್ಬಗಳಿಂದ ಹಿಡಿದು ಬ್ರಹ್ಮಾವರದ ಆಚೆಯ ಬೋಳುಗುಡ್ಡೆಗಳವರೆಗೆ ಮುರಕಲ್ಲಿನ ಹಾಸು. ಇಲ್ಲಿ ಬಾವಿಗೆ ರಿಂಗು ಬೇಡ, ಕಲ್ಲನ್ನೇ ಕಡಿದು ಇಳಿಯುತ್ತಾರೆ. ಮುರಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ 1801ರ ಆರಂಭದಲ್ಲಿ ಕುಂದಾಪುರದ ಮೇಲೆಯೇ ಉತ್ತರಕ್ಕೆ ಹೋದವನು. ನೆಲದಲ್ಲಿರುವಾಗ ಕೊಡಲಿಗೆ ಸಿಗುವಷ್ಟು ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಅದರ ಗುಣವನ್ನು ಅವನು 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಬರೆದಿದ್ದಾನೆ. ಮನೆ ಕಟ್ಟುವವರಿಗೆ ಆ ಗುಣ ಮುಖ್ಯವಾದರೆ ನೀರು ಹುಡುಕುವವರಿಗೆ ಅದರ ತೂತುಗಳು ಮುಖ್ಯ. ಗೆದ್ದಲು ತಿಂದ ಮರದಂತೆ ಮುರಕಲ್ಲಿನೊಳಗೆ ಬೆರಳು ಗಾತ್ರದಿಂದ ತೋಳು ಗಾತ್ರದವರೆಗಿನ ಕೊಳವೆಗಳು ಅಡ್ಡಾದಿಡ್ಡಿ ಹರಿದಿರುತ್ತವೆ. ಅದರ ಕೆಳಗೆ ಶೇಡಿ ಮಣ್ಣು. ಮುರಕಲ್ಲಿನಲ್ಲಿ ಓಡಿ ಬಂದ ನೀರು ಶೇಡಿಯ ಮೇಲೆ ತಡೆದು ನಿಂತು ಪಕ್ಕಕ್ಕೆ ಜಾರಿ ಗುಡ್ಡದ ಬುಡದಲ್ಲಿ ಒಸರುತ್ತದೆ. ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿದ ಊರಿಗೆ ಮಾರ್ಚ್ ಕೊನೆಯಲ್ಲಿ ಟ್ಯಾಂಕರ್ ಬರುವುದಕ್ಕೆ ಈ ಅವಸರದ ಹರಿವು ದೊಡ್ಡ ಕಾರಣ.

ಈಗ ಎರಡು ಬಾವಿ ತೆಗೆದುಕೊಳ್ಳಿ, ಒಂದು ಹೊಯ್ಗೆಯದ್ದು, ಇನ್ನೊಂದು ಮುರಕಲ್ಲಿನದ್ದು. ಜೂನ್ ಮೊದಲ ವಾರ ಭಾರೀ ಮಳೆ. ಹೊಯ್ಗೆಯಲ್ಲಿ ನೀರು ಕಣಕಣದ ನಡುವೆ ನುಸುಳಿ ಇಳಿಯಬೇಕು. ದಾರಿಯಲ್ಲಿ ಸಿಕ್ಕ ಪ್ರತಿ ಕಣವನ್ನೂ ತಣ್ಣಗಾಗಿಸುವುದಕ್ಕೆ ತನ್ನ ತಂಪನ್ನು ಖರ್ಚು ಮಾಡುತ್ತದೆ. ಲೆಕ್ಕ ಹಾಕಿದರೆ ನೀರು ಎರಡು ಅಡಿ ಮುಂದೆ ಹೋಗುವಾಗ ತಂಪು ಹೆಚ್ಚುಕಡಿಮೆ ಒಂದು ಅಡಿ ಮಾತ್ರ ಸಾಗುತ್ತದೆ. ಬಾವಿಯ ಮಟ್ಟ ಮೊದಲು ಏರುತ್ತದೆ, ಉಷ್ಣತೆ ವಾರಗಳ ಮೇಲೆ ಮೆಲ್ಲಗೆ ಇಳಿಯುತ್ತದೆ. ಮುರಕಲ್ಲಿನ ಕೊಳವೆಯಲ್ಲಿ ಓಡುವ ನೀರಿಗೆ ಗೋಡೆಯೊಂದಿಗೆ ಶಾಖ ಹಂಚಿಕೊಳ್ಳುವ ಪುರುಸೊತ್ತಿಲ್ಲ. ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಬಾವಿಯ ತಳದ ಉಷ್ಣತೆ ಥಟ್ಟನೆ ಕುಸಿಯುತ್ತದೆ. ಗ್ರಾಫಿನಲ್ಲಿ ಒಂದು ಇಳಿಜಾರು, ಇನ್ನೊಂದು ಪ್ರಪಾತ.

ಪ್ರಪಾತ ಕಂಡ ಬಾವಿಯ ಬಗ್ಗೆ ನನಗೆ ನಿಜವಾದ ಆತಂಕವಿದೆ. ಗಂಟೆಗಳಲ್ಲಿ ಮಳೆನೀರು ತಲುಪಿತೆಂದರೆ ಅದೇ ಕೊಳವೆಯಲ್ಲಿ ಪಕ್ಕದ ಶೌಚದ ಗುಂಡಿಯದ್ದೂ ಹಟ್ಟಿಯದ್ದೂ ಬರಲು ಅಡ್ಡಿಯಿಲ್ಲ. ಶೌಚಗುಂಡಿಗೂ ಬಾವಿಗೂ ಇಷ್ಟು ಮೀಟರ್ ದೂರವಿರಲಿ ಎಂಬ ನಿಯಮಗಳೆಲ್ಲ ಮಣ್ಣು ಸೋಸುತ್ತದೆ ಎಂಬ ಭರವಸೆಯ ಮೇಲೆ ನಿಂತಿವೆ. ಕೊಳವೆ ಸೋಸುವುದಿಲ್ಲ. ಪ್ರತಿ ಮಳೆಗಾಲದ ಆರಂಭದಲ್ಲಿ ಹೊಟ್ಟೆನೋವು, ಭೇದಿ, ಕಾಮಾಲೆ ಕಾಣಿಸಿಕೊಳ್ಳುವ ಊರುಗಳಲ್ಲಿ ಯಾವ ಬಾವಿಯ ನೀರನ್ನು ಕುದಿಸದೆ ಕುಡಿಯಲೇಬಾರದು ಎಂದು ಮೊದಲೇ ಗುರುತಿಸುವುದು ಉಷ್ಣಮಾಪಕದಿಂದ ಸಾಧ್ಯ. ಬ್ಯಾಕ್ಟೀರಿಯಾ ಪರೀಕ್ಷೆಗೆ ನೀರು ಕಳಿಸಿ ವರದಿ ಬರುವುದರೊಳಗೆ ಆ ನೀರು ಕುಡಿದು ಮುಗಿದಿರುತ್ತದೆ.

ಅಳೆಯುವುದು ಹೇಗೆ? ಶಾಲೆಯ ಪ್ರಯೋಗಾಲಯದ, ಒಂದು ಡಿಗ್ರಿಗೆ ಒಂದು ಗೆರೆಯ ಉಷ್ಣಮಾಪಕ ಇಲ್ಲಿ ಸಾಲದು. ಡಿಗ್ರಿಯ ಹತ್ತನೆಯ ಒಂದಂಶವನ್ನು ನಂಬಿಕೆಯಿಂದ ತೋರಿಸುವಂಥದ್ದು ಬೇಕು. ನಂಬಿಕೆಯನ್ನು ಪರೀಕ್ಷಿಸುವುದು ಕಷ್ಟವಲ್ಲ. ಮಂಜುಗಡ್ಡೆಯನ್ನು ಪುಡಿ ಮಾಡಿ, ಅದು ಮುಳುಗುವಷ್ಟೇ ಶುದ್ಧ ನೀರು ಹಾಕಿ, ಚೆನ್ನಾಗಿ ಕಲಕಿ, ಅದರಲ್ಲಿ ಮಾಪಕವನ್ನು ಐದು ನಿಮಿಷ ಇಟ್ಟರೆ ಸೊನ್ನೆ ತೋರಿಸಬೇಕು. 0.4 ತೋರಿಸಿದರೆ ಮಾಪಕವನ್ನು ಎಸೆಯಬೇಕಾಗಿಲ್ಲ, ಆ 0.4 ಅನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡರಾಯಿತು.

ಬಾವಿಕಟ್ಟೆಯ ಬಳಿ ಎಚ್ಚರ ಬೇಕಾದದ್ದು ಕೊಡಪಾನದ ಬಗ್ಗೆ. ಬಿಸಿಲಿಗೆ ಕಾದ ತಾಮ್ರದ ಕೊಡಪಾನ ತನ್ನ ಬಿಸಿಯನ್ನೇ ನೀರಿಗೆ ಕೊಡುತ್ತದೆ. ಮೊದಲೆರಡು ಸಲ ಸೇದಿದ್ದನ್ನು ಚೆಲ್ಲಬೇಕು, ಆಗ ಕೊಡಪಾನವೂ ಹಗ್ಗದ ತುದಿಯೂ ಬಾವಿಯ ಉಷ್ಣತೆಗೆ ಬಂದಿರುತ್ತವೆ. ಮೂರನೆಯ ಸಲ ಮೇಲೆ ಬಂದ ತಕ್ಷಣ, ನೆರಳಿನಲ್ಲಿ, ಬುರುಡೆ ನೀರೊಳಗೇ ಇರುವಾಗ ಓದಬೇಕು. ಓದಲೆಂದು ಎತ್ತಿ ಕಣ್ಣಿನ ಹತ್ತಿರ ತಂದರೆ ಗಾಳಿಗೆ ಬುರುಡೆ ಆರಿ ಅಂಕಿ ಇಳಿದುಬಿಡುತ್ತದೆ. ಮಾಳಿಗೆಯ ಮೇಲಿನ ಟ್ಯಾಂಕಿಯಿಂದ ಬರುವ ನಲ್ಲಿನೀರು ಲೆಕ್ಕಕ್ಕೇ ಇಲ್ಲ. ಪಂಪಿನ ನೀರಾದರೆ ಉಷ್ಣತೆ ಒಂದೇ ಕಡೆ ನಿಲ್ಲುವವರೆಗೆ ಹರಿಯಲು ಬಿಡಬೇಕು.

ಇದಕ್ಕಿಂತ ಮೇಲು ದಾರಿ ಎಂದರೆ ಲಾಗರ್. ಬೆರಳಿನಷ್ಟು ಗಾತ್ರದ, ಬ್ಯಾಟರಿ ವರ್ಷಗಟ್ಟಲೆ ಬರುವ ಈ ಸಾಧನವನ್ನು ನೈಲಾನ್ ದಾರಕ್ಕೆ ಕಟ್ಟಿ ಇಳಿಬಿಟ್ಟರೆ ಗಂಟೆಗೊಮ್ಮೆ ಉಷ್ಣತೆ ಬರೆದುಕೊಳ್ಳುತ್ತದೆ, ವರ್ಷಕ್ಕೆ 8760 ಸಲ. ಇಳಿಸುವ ಆಳ ಮುಖ್ಯ. ನಮ್ಮ ಅಕ್ಷಾಂಶ ಹದಿಮೂರೂವರೆ ಡಿಗ್ರಿಯ ಸುಮಾರಿನದ್ದು. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯಭಾಗದಲ್ಲೊಮ್ಮೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಆಗಸ್ಟಿನಲ್ಲಿ ಮೋಡ ಅಡ್ಡವಿರುತ್ತದೆ, ಏಪ್ರಿಲಿನಲ್ಲಿ ಬಿಸಿಲು ನೇರ ಬಾವಿಯೊಳಗೆ ಬೀಳುತ್ತದೆ. ಮೇಲ್ಪದರ ಕಾದು ಹಗುರಾಗಿ ಮೇಲೆಯೇ ತೇಲುತ್ತದೆ, ಕೆಳಗಿನದಕ್ಕೆ ಅದರ ಸುದ್ದಿಯಿಲ್ಲ. ಡಿಸೆಂಬರಿನ ರಾತ್ರಿ ಇದಕ್ಕೆ ತಿರುಗುಮುರುಗು. ಮೇಲ್ಪದರ ತಣ್ಣಗಾಗಿ ಭಾರವಾಗಿ ಕೆಳಗಿಳಿದು ಇಡೀ ಬಾವಿಯನ್ನು ಕಲಸುತ್ತದೆ. ಹಾಗಾಗಿ ತಳದಿಂದ ಅರ್ಧ ಮೀಟರ್ ಮೇಲೆ ಒಂದು ಲಾಗರ್, ಸಾಧ್ಯವಾದರೆ ಮೇಲ್ಪದರದಲ್ಲಿ ಇನ್ನೊಂದು. ಎರಡೂ ಒಂದೇ ಅಂಕಿ ಹೇಳುವ ರಾತ್ರಿಗಳಲ್ಲಿ ತಳದ ಅಂಕಿಯನ್ನು ಅಂತರ್ಜಲದ್ದು ಎಂದು ಪೂರ್ತಿ ನಂಬಬಾರದು.

ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳ ನೀರಿನ ಮಟ್ಟವನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತ ಬಂದಿದೆ. ದಶಕಗಳ ಬದಲಾವಣೆ ತಿಳಿಯಲು ಅದು ಅಮೂಲ್ಯ. ಆದರೆ ಮುರಕಲ್ಲಿನ ಬಾವಿಯ ಕಥೆ ನಡೆಯುವುದು ಗಂಟೆಗಳ ಲೆಕ್ಕದಲ್ಲಿ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಜಲವಿಜ್ಞಾನ ಯೋಜನೆಯಡಿ ದೇಶದ ಹಲವೆಡೆ ಕೊಳವೆಬಾವಿಗಳಿಗೆ ಇಳಿಸಿರುವ ಡಿಜಿಟಲ್ ಮಟ್ಟಮಾಪಕಗಳು ಈ ಕೊರತೆಯನ್ನು ತುಂಬಬಲ್ಲವು. ನೀರಿನ ಒತ್ತಡ ಅಳೆಯುವ ಇಂಥ ಸಾಧನಗಳಲ್ಲಿ ಸಾಮಾನ್ಯವಾಗಿ ಉಷ್ಣತೆಯ ಸಂವೇದಕವೂ ಇರುತ್ತದೆ, ಒತ್ತಡದ ಅಂಕಿಯನ್ನು ತಿದ್ದಲು ಅದು ಬೇಕೇ ಬೇಕು. ತಿದ್ದುಪಡಿಗೆಂದು ಇಟ್ಟ ಆ ಅಂಕಿಸಾಲನ್ನೇ ಒಂದು ಸ್ವತಂತ್ರ ದಾಖಲೆಯಾಗಿ ಓದಬೇಕು ಎಂಬುದು ನನ್ನ ಒತ್ತಾಯ.

ಯಾಕೆಂದರೆ ಮಟ್ಟವೂ ಉಷ್ಣತೆಯೂ ಹೇಳುವ ಸಂಗತಿ ಒಂದೇ ಅಲ್ಲ. ಕಿಂಡಿ ಅಣೆಕಟ್ಟಿಗೆ ನವೆಂಬರ್ ಡಿಸೆಂಬರಿನಲ್ಲಿ ಹಲಗೆ ಇಳಿಸುತ್ತಾರೆ, ವಾರದೊಳಗೆ ಮೇಲ್ಭಾಗದ ಬಾವಿಗಳಲ್ಲಿ ನೀರು ಏರುತ್ತದೆ. ಹೊಳೆಯ ನೀರು ಬಾವಿಗೆ ಬಂತು ಎಂದು ಎಲ್ಲರೂ ಹೇಳುತ್ತಾರೆ. ಬಂದಿರಲೂಬಹುದು. ಹೊಳೆಯ ಮಟ್ಟ ಏರಿದ್ದರಿಂದ, ಹೊಳೆಗೆ ಇಳಿದುಹೋಗಬೇಕಿದ್ದ ಗುಡ್ಡದ ನೀರೇ ತಡೆದು ನಿಂತಿರಲೂಬಹುದು. ಮಟ್ಟದ ಪಟ್ಟಿ ಈ ಎರಡನ್ನು ಬೇರ್ಪಡಿಸಲಾರದು. ಒತ್ತಡ ದೂರದವರೆಗೆ ಬೇಗ ಹರಡುತ್ತದೆ, ಶಾಖ ನೀರಿನ ಜೊತೆಗೇ ನಡೆಯಬೇಕು. ಹೊಳೆಯ ನೀರು ನಿಜಕ್ಕೂ ಬಾವಿ ಮುಟ್ಟಿದ್ದರೆ ಹೊಳೆಯ ತಂಪು ಬಿಸಿಗಳ ಛಾಯೆ ಬಾವಿಯಲ್ಲೂ ತಡವಾಗಿಯಾದರೂ ಕಾಣಲೇಬೇಕು. ವಾರಾಹಿ ನೀರಾವರಿ ಯೋಜನೆಯ ಎಡದಂಡೆ ಕಾಲುವೆಯ ಬದಿಯ ಬಾವಿಗಳಿಗೂ ಇದೇ ಪರೀಕ್ಷೆ. 1979ರಲ್ಲಿ ಮಂಜೂರಾಗಿ ದಶಕಗಳ ಮೇಲೆ ಗದ್ದೆ ಮುಟ್ಟಿದ ಆ ನೀರು ಬಾವಿಗಳನ್ನು ತುಂಬುತ್ತಿದೆ ಎಂಬ ಮಾತನ್ನು ಬಾಯಿಮಾತಿಗೇ ಬಿಡಬೇಕಾಗಿಲ್ಲ. ತೆರೆದ ಕಾಲುವೆಯಲ್ಲಿ ಹಗಲಿಡೀ ಕಾದು ಬಂದ ನೀರಿಗೆ ತನ್ನದೇ ಗುರುತು ಇರುತ್ತದೆ. 1965ರಲ್ಲಿ ಅಮೆರಿಕದ ಬ್ರೆಡೆಹಾಫ್ಟ್ ಮತ್ತು ಪಾಪಡೋಪುಲೋಸ್ ಉಷ್ಣತೆಯ ಆಳವಾರು ಅಂಕಿಗಳಿಂದ ಅಂತರ್ಜಲದ ವೇಗ ಕಂಡುಹಿಡಿಯುವ ಸೂತ್ರ ಕೊಟ್ಟರು. ಇಂದಿಗೂ ಅದು ಬಳಕೆಯಲ್ಲಿದೆ.

ಕಡಲ ಬದಿಗೆ ಬಂದರೆ ಉಷ್ಣತೆಯಿಲ್ಲದೆ ಉಪ್ಪಿನ ಲೆಕ್ಕವೂ ತಪ್ಪುತ್ತದೆ. ನೀರಿನಲ್ಲಿ ಉಪ್ಪೆಷ್ಟಿದೆ ಎಂದು ತಿಳಿಯಲು ಅದರಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆಯುತ್ತಾರೆ. ಈ ವಾಹಕತೆ ಡಿಗ್ರಿಗೆ ಶೇಕಡ 2ರಂತೆ ಏರುತ್ತದೆ. ಅದಕ್ಕೇ ಅಂಕಿಯನ್ನು 25 ಡಿಗ್ರಿಗೆ ಪರಿವರ್ತಿಸಿ ಬರೆಯುವುದು ಪದ್ಧತಿ. ಜನವರಿಯಲ್ಲಿ 26 ಡಿಗ್ರಿಯಲ್ಲೂ ಮೇಯಲ್ಲಿ ಬಿಸಿಲಲ್ಲಿಟ್ಟ ಬಕೆಟಿನಿಂದ 30 ಡಿಗ್ರಿಯಲ್ಲೂ ಅಳೆದು, ಪರಿವರ್ತಿಸದೆ ಹೋಲಿಸಿದರೆ ಒಂದು ಹರಳು ಉಪ್ಪೂ ಹೆಚ್ಚದೆ ವಾಹಕತೆ ಶೇಕಡ 8 ಹೆಚ್ಚಿದಂತೆ ಕಾಣುತ್ತದೆ. ಬಾವಿಗೆ ಸಮುದ್ರ ನುಗ್ಗಿತು ಎಂದು ಊರು ಹೆದರುವುದಕ್ಕೆ ಅಷ್ಟು ಸಾಕು.

ಹೆದರಿಕೆ ಸುಳ್ಳೇನೂ ಅಲ್ಲ. ಮರವಂತೆಯಲ್ಲಿ ಒಂದು ಬದಿಗೆ ಸೌಪರ್ಣಿಕೆ, ಇನ್ನೊಂದು ಬದಿಗೆ ಅರಬ್ಬಿ ಸಮುದ್ರ, ನಡುವೆ ಹೆದ್ದಾರಿ ಹಿಡಿಸುವಷ್ಟು ನೆಲ. ಮಳೆಯ ಸಿಹಿನೀರು ಭಾರದ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು ನಲವತ್ತು ಮೀಟರಿನವರೆಗೆ ಸಿಹಿಯೇ ಇರುತ್ತದೆ ಎಂದು 1888ರಲ್ಲಿ ಡಚ್ ಎಂಜಿನಿಯರ್ ಬಡೋನ್ ಖೈಬೆನ್, 1901ರಲ್ಲಿ ಜರ್ಮನಿಯ ಹರ್ಜ್‌ಬರ್ಗ್ ಬೇರೆ ಬೇರೆಯಾಗಿ ಕಂಡುಕೊಂಡರು. ಅದೇ ಲೆಕ್ಕದಲ್ಲಿ, ಪಂಪು ಹಾಕಿ ಮಟ್ಟವನ್ನು ಒಂದು ಅಡಿ ಇಳಿಸಿದರೆ ಕೆಳಗಿನ ಉಪ್ಪು ನಲವತ್ತು ಅಡಿ ಏರಲು ಹೊರಡುತ್ತದೆ.

ಸಿಹಿನೀರು ಕಡಲ ತಳದಿಂದ ಒಸರಿ ಹೋಗುವುದೂ ಉಂಟು. ಇದನ್ನು ಹುಡುಕಲು ಉಪಗ್ರಹದ ಉಷ್ಣಚಿತ್ರಗಳನ್ನು ಬಳಸುತ್ತಾರೆ. 2013ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್ 8ರ ಉಷ್ಣಸಂವೇದಕ ಸಮುದ್ರದ ಮೇಲ್ಮೈಯನ್ನು 100 ಮೀಟರಿನ ಚೌಕಗಳಾಗಿ ನೋಡುತ್ತದೆ. ನಮ್ಮ ಕರಾವಳಿಯಲ್ಲಿ ಈ ವಿಧಾನಕ್ಕೆ ಒಂದು ಇಕ್ಕಟ್ಟಿದೆ. ಏಪ್ರಿಲಿನಲ್ಲಿ ಸಮುದ್ರ 30 ಡಿಗ್ರಿ ದಾಟಿರುತ್ತದೆ, ಅಂತರ್ಜಲ ಅದಕ್ಕಿಂತ ತಣ್ಣಗಿರುವುದರಿಂದ ಎದ್ದು ಕಾಣಬೇಕು. ಆದರೆ ಆಗ ಒಸರುವ ನೀರೇ ಕಡಿಮೆ. ಒಸರು ಜೋರಾಗಿರುವ ಮಳೆಗಾಲದಲ್ಲಿ ಮೋಡ ಮುಚ್ಚಿರುತ್ತದೆ. ಮಳೆ ನಿಂತ ಮೇಲಿನ ಶುಭ್ರ ದಿನಗಳಲ್ಲಿ ಎರಡರ ಉಷ್ಣತೆಯೂ ಹತ್ತಿರ ಹತ್ತಿರ. ಹೀಗಾಗಿ ಉಪಗ್ರಹದ ಚಿತ್ರವೊಂದೇ ಸಾಲದು, ದಡದ ಬಾವಿಯ ಉಷ್ಣತೆ ಆ ದಿನ ಎಷ್ಟಿತ್ತು ಎಂಬುದು ಗೊತ್ತಿರಲೇಬೇಕು.

ಆಳದ ಕೊಳವೆಬಾವಿಗಳ ಮಾತು ಬೇರೆ. ಭೂಮಿಯ ಒಳಶಾಖದಿಂದ ನೂರು ಮೀಟರಿಗೆ ಎರಡು ಮೂರು ಡಿಗ್ರಿ ಏರುತ್ತದೆ, ಆದ್ದರಿಂದ ಬೋರಿನ ನೀರು ತೆರೆದ ಬಾವಿಯದಕ್ಕಿಂತ ಬೆಚ್ಚಗಿದ್ದರೆ ಅಚ್ಚರಿಯಿಲ್ಲ. ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರ್ ತೀರ್ಥದಲ್ಲಿ ಇಂಥ ಆಳದ ನೀರು ತಾನಾಗಿಯೇ ಮೇಲೆ ಬರುತ್ತದೆ.

ಇಷ್ಟೆಲ್ಲ ಅಳೆಯುವುದಕ್ಕೆ ಈಗ ಇನ್ನೊಂದು ತುರ್ತು ಸೇರಿದೆ. 2024ರಲ್ಲಿ ‘ನೇಚರ್ ಜಿಯೋಸೈನ್ಸ್’ ಪತ್ರಿಕೆಯಲ್ಲಿ ಸೂಸನ್ ಬೆಂಜ್ ಮತ್ತು ಸಂಗಡಿಗರು ಇಡೀ ಜಗತ್ತಿನ ಮೇಲ್ಪದರದ ಅಂತರ್ಜಲದ ಲೆಕ್ಕ ಹಾಕಿದರು. ಹಸಿರುಮನೆ ಅನಿಲಗಳು ಮಧ್ಯಮ ಪ್ರಮಾಣದಲ್ಲಿ ಹೆಚ್ಚಿದರೂ 2000ದಿಂದ 2100ರೊಳಗೆ ಈ ನೀರು ಸರಾಸರಿ 2.1 ಡಿಗ್ರಿ ಬಿಸಿಯಾಗುತ್ತದೆ ಎಂಬುದು ಅವರ ಅಂದಾಜು. ವರ್ಷಕ್ಕೆ ಡಿಗ್ರಿಯ ಐವತ್ತನೆಯ ಒಂದಂಶದಷ್ಟು ಮಾತ್ರ. ಇದನ್ನು ಒಂದು ಬಾವಿಯಲ್ಲಿ ಹಿಡಿಯಬೇಕಾದರೆ ದಶಕಗಳ ನಿಖರ ದಾಖಲೆ ಬೇಕು, ನಮ್ಮ ಜಾಗತಿಕ ನಕ್ಷೆಗಳಿಗೆ ಅಂಥ ದಾಖಲೆಗಳ ಕೊರತೆ ಉಷ್ಣವಲಯದಲ್ಲೇ ಹೆಚ್ಚು. ಈ ಏರಿಕೆಯ ಮೇಲೆ ಸ್ಥಳೀಯ ಕಾರಣಗಳೂ ಸೇರುತ್ತವೆ. ಹಲಸು, ಮಾವಿನ ನೆರಳಿದ್ದ ಅಂಗಳಕ್ಕೆ ಇಂಟರ್‌ಲಾಕ್ ಹಾಸಿದರೆ ಅದರ ಕೆಳಗಿನ ಮಣ್ಣು ಹಿಂದಿಗಿಂತ ಬಿಸಿಯಾಗಿ ನಿಲ್ಲುತ್ತದೆ, ಬಾವಿ ಆ ಅಂಗಳದಲ್ಲೇ ಇರುತ್ತದೆ.

ನೀರು ಬಿಸಿಯಾದರೆ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಲೀಟರಿಗೆ 25 ಡಿಗ್ರಿಯಲ್ಲಿ ಸುಮಾರು 8.3 ಮಿಲಿಗ್ರಾಂ ಹಿಡಿಯುವ ನೀರು 30ರಲ್ಲಿ ಹಿಡಿಯುವುದು 7.6. ಸೂಕ್ಷ್ಮಜೀವಿಗಳ ಚಟುವಟಿಕೆ ಮಾತ್ರ ಏರುತ್ತದೆ. ಆಮ್ಲಜನಕ ಮುಗಿದ ಕಡೆ ಮುರಕಲ್ಲಿನ ಕಬ್ಬಿಣ ಕರಗಿ ನೀರಿಗೆ ಬರಲು ಅನುಕೂಲವಾಗುತ್ತದೆ. ಇದೇ ಕಲ್ಲಿನ ಕತ್ತಲೆಯಲ್ಲಿ ಬದುಕುವ ಜೀವಗಳೂ ಇವೆ. ಕೊಟ್ಟಾಯಂನ ಬಾವಿಯಿಂದ ಬಂದು 1950ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕಣ್ಣಿಲ್ಲದ ಕೆಂಪು ಮೀನು ಹೊರಾಗ್ಲಾನಿಸ್ ಕೃಷ್ಣೈ ಅಂಥದ್ದು. ವರ್ಷವಿಡೀ ಒಂದೇ ಉಷ್ಣತೆಗೆ ಒಗ್ಗಿದ ಜೀವಗಳಿಗೆ ಎರಡು ಡಿಗ್ರಿ ಸಣ್ಣ ಸಂಗತಿಯಲ್ಲ.

ನನ್ನ ಕೈಗೆ ಹತ್ತು ಲಾಗರ್ ಕೊಟ್ಟರೆ ಎಲ್ಲಿಡಬೇಕೆಂದು ನಿಶ್ಚಯಿಸಿದ್ದೇನೆ. ಒತ್ತಿನೆಣೆಯ ಬಳಿಯ ಮುರಕಲ್ಲಿನ ಬಾವಿಯಿಂದ ಕಡಲವರೆಗೆ ಸಾಲಾಗಿ ಮೂರು. ಮರವಂತೆಯ ಹೊಳೆ ಕಡಲುಗಳ ನಡುವೆ ಎರಡು. ಕೋಡಿಯ ಹೊಯ್ಗೆಯಲ್ಲಿ ಒಂದು. ವಾರಾಹಿ ಕಾಲುವೆಗೆ ತಾಗಿದಂತೆ ಒಂದು, ಅದರಿಂದ ಕಾಲು ಕಿಲೋಮೀಟರ್ ಆಚೆ ಇನ್ನೊಂದು. ಸೀತಾನದಿಯ ಬಯಲಿನಲ್ಲಿ ಬಾರ್ಕೂರಿನ ಹತ್ತಿರ ಒಂದು. ಹತ್ತನೆಯದು ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದ ಆವರಣದಲ್ಲಿ, ಮಳೆಯನ್ನೂ ಗಾಳಿಯ ಉಷ್ಣತೆಯನ್ನೂ ದಿನವೂ ಬರೆದಿಡುವ ಜಾಗದ ಪಕ್ಕದಲ್ಲೇ. ಉಳಿದ ಒಂಬತ್ತನ್ನು ಅದರ ಜೊತೆಗಿಟ್ಟು ಓದಬೇಕು. ಬಾವಿಯ ಮನೆಯವರೂ ಹತ್ತಿರದ ಹೈಸ್ಕೂಲಿನ ಮಕ್ಕಳೂ ತಿಂಗಳಿಗೊಮ್ಮೆ ಕೊಡಪಾನದ ಅಂಕಿ ಬರೆದು ಲಾಗರಿನದ್ದಕ್ಕೆ ತಾಳೆ ನೋಡಬಹುದು. ಎಲ್ಲವೂ ಮೇ ಮೂರನೆಯ ವಾರದೊಳಗೆ ನೀರಿಗೆ ಇಳಿದಿರಬೇಕು. ಮೊದಲ ದೊಡ್ಡ ಮಳೆ ಬಾವಿಯ ತಳ ಮುಟ್ಟುವ ಗಂಟೆ ತಪ್ಪಿಹೋದರೆ ಅದಕ್ಕಾಗಿ ಮತ್ತೊಂದು ಜೂನ್‌ವರೆಗೆ ಕಾಯಬೇಕು.